ನೆಲಕ್ಕೂರಿ ಒತ್ತುವ ಸಣ್ಣ ಸೈಕಲ್ ಪಂಪ್: ಕಟಪಾಡಿ–ಮಂಗಳೂರು ದಾರಿಯಲ್ಲಿ ಒಂದೂವರೆ ವರ್ಷ

ನನ್ನ ಸೈಕಲ್ಲಿನಲ್ಲಿ ನೀರಿನ ಬಾಟಲಿಯ ಪಕ್ಕ ಒಂದು ಪಂಪ್ ಕಟ್ಟಿದ್ದೇನೆ. ಮುಚ್ಚಿದಾಗ 35 ಸೆಂಟಿಮೀಟರ್ ಉದ್ದ, ತೂಕ ಕಾಲು ಕಿಲೋ. ಬೇರೆ ಸಣ್ಣ ಪಂಪುಗಳ ಹಾಗೆ ಇದನ್ನು ವಾಲ್ವಿಗೆ ನೇರವಾಗಿ ಸಿಕ್ಕಿಸುವುದಲ್ಲ. ಬುಡದಲ್ಲಿ ಮಡಚಿಟ್ಟ ಒಂದು ಕಾಲು ಉಂಟು. ಅದನ್ನು ಬಿಡಿಸಿ ನೆಲಕ್ಕೆ ಊರಬೇಕು. ಅದರ ಮೇಲೆ ನಮ್ಮ ಪಾದ ಇಟ್ಟು, ಮೇಲಿನ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ಒತ್ತಬೇಕು. ಪಂಪಿಗೂ ವಾಲ್ವಿಗೂ ನಡುವೆ ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದದ ರಬ್ಬರ್ ಪೈಪ್. ಆ ಪೈಪಿನ ಮಧ್ಯೆ ಒತ್ತಡ ತೋರಿಸುವ ಚಿಕ್ಕ ಗೇಜ್. ನಾನು ಕೊಟ್ಟದ್ದು 2,600 ರೂಪಾಯಿ. ಈ ಮಾದರಿಯನ್ನು ಮಾಡುವವರು ಒಬ್ಬರೇ ಅಲ್ಲ, ಹಾಗಾಗಿ ಹೆಸರಿಗಿಂತ ಮಾದರಿಯನ್ನು ನೋಡಿ ತೆಗೆದುಕೊಳ್ಳಿ. ಕಾಲು, ಪೈಪ್, ಗೇಜ್ ಈ ಮೂರೂ ಇರಬೇಕು. ಒಂದು ಇಲ್ಲದಿದ್ದರೂ ನಾನು ಇಲ್ಲಿ ಹೇಳುವ ಮಾತು ಅದಕ್ಕೆ ಹೊಂದುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಟಪಾಡಿಯಿಂದ ಉಡುಪಿಗೆ ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಭಾನುವಾರ ಬೆಳಿಗ್ಗೆ ಮಲ್ಪೆ, ಪಡುಕೆರೆ, ಮಟ್ಟು, ಕಾಪು ಅಂತ ಕಡಲ ಬದಿಯ ದಾರಿ ಹಿಡಿಯುತ್ತೇನೆ. ಒಂದೂವರೆ ವರ್ಷದಲ್ಲಿ ಈ ಪಂಪನ್ನು ದಾರಿಬದಿಯಲ್ಲಿ ಬಿಡಿಸಿದ್ದು ಹನ್ನೊಂದು ಸಲ. ಏಳು ಸಲ ನನ್ನದೇ ಪಂಕ್ಚರಿಗೆ, ಉಳಿದದ್ದು ಬೇರೆಯವರಿಗೆ.

ಇಷ್ಟು ಪಂಕ್ಚರ್ ಯಾಕೆ ಅಂತ ಕೇಳಬಹುದು. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಸೈಕಲ್ ಹೊಡೆದವರಿಗೆ ಗೊತ್ತು. ಲಾರಿಗಳ ಟಯರ್ ಸಿಡಿದು ತುಂಡು ತುಂಡಾಗಿ ಅಂಚಿಗೆ ಬಿದ್ದಿರುತ್ತದೆ. ಅದರೊಳಗಿನ ಉಕ್ಕಿನ ತಂತಿ ಕೂದಲಿನಷ್ಟು ಸಪೂರ. ರಬ್ಬರ್ ಪುಡಿಯಾಗಿ ಹೋದ ಮೇಲೂ ತಂತಿ ಅಲ್ಲೇ ಇರುತ್ತದೆ. ನಮ್ಮ ಟಯರಿಗೆ ಚುಚ್ಚಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಕಿಲೋಮೀಟರಿಗೆ ಅದೂ ಹೋಯಿತು. ಬೆರಳಲ್ಲಿ ಸವರಿ ಹುಡುಕಬೇಡಿ, ಬೆರಳಿಗೇ ಚುಚ್ಚುತ್ತದೆ. ಹಳೆ ಬನಿಯನ್ ಬಟ್ಟೆಯ ತುಂಡಿನಿಂದ ಟಯರಿನ ಒಳಗೆ ಒಂದು ಸುತ್ತು ಒರೆಸಿ. ಎಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ಉಂಟು.

ಈ ಪಂಪಿಗೆ ಮೊದಲು ನನ್ನ ಹತ್ತಿರ ಅಂಗೈ ಉದ್ದದ ಒಂದು ಪಂಪ್ ಇತ್ತು. ಚಂದ ಇತ್ತು, ಚೀಲದ ಮೂಲೆಯಲ್ಲಿ ಕೂರುತ್ತಿತ್ತು. ಒಂದು ಭಾನುವಾರ ಮಟ್ಟುವಿನಲ್ಲಿ, ಗುಳ್ಳ ಬದನೆಯ ಗದ್ದೆಗಳ ಪಕ್ಕ ನಿಂತು ಹೊಸ ಟ್ಯೂಬಿಗೆ ಗಾಳಿ ಹಾಕುತ್ತಿದ್ದೆ. ಅದಕ್ಕೆ ಪೈಪ್ ಇರಲಿಲ್ಲ. ಪಂಪಿನ ತಲೆಯೇ ವಾಲ್ವಿನ ಮೇಲೆ ಕೂರುವುದು. ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯಲ್ಲಿ ತಳ್ಳುವಾಗ, ಎಷ್ಟು ಎಚ್ಚರ ವಹಿಸಿದರೂ ವಾಲ್ವ್ ಆಚೆ ಈಚೆ ಅಲ್ಲಾಡುತ್ತದೆ. ಒತ್ತಡ 40 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ದಾಟುವಾಗ ಕೈ ನಡುಗಲು ಶುರುವಾಗುತ್ತದೆ, ಅಲ್ಲಾಟ ಜಾಸ್ತಿಯಾಗುತ್ತದೆ. ಕೊನೆಗೆ ವಾಲ್ವಿನ ಬುಡದಲ್ಲಿ ಟ್ಯೂಬ್ ಹರಿಯಿತು. ಬುಡ ಹರಿದ ಟ್ಯೂಬಿಗೆ ಪ್ಯಾಚ್ ಹಚ್ಚಲು ಆಗುವುದಿಲ್ಲ. ಇದ್ದದ್ದು ಅದೊಂದೇ ಟ್ಯೂಬ್. ಕಟಪಾಡಿಯವರೆಗೆ ಸೈಕಲ್ ತಳ್ಳಿಕೊಂಡು ಬಂದೆ.

ಈಗಿನ ಪಂಪಿನ ದೊಡ್ಡ ಗುಣ ಇದೇ. ನಮ್ಮ ಬಲ ಎಲ್ಲ ನೆಲಕ್ಕೆ ಹೋಗುತ್ತದೆ. ವಾಲ್ವ್ ಸುಮ್ನೆ ನಿಂತಿರುತ್ತದೆ, ಪೈಪ್ ಮಾತ್ರ ಸ್ವಲ್ಪ ಬಳುಕುತ್ತದೆ. ಇದನ್ನು ತಂದ ಮೇಲೆ ಒಂದು ವಾಲ್ವೂ ಹರಿದಿಲ್ಲ.

ಬಲ ಎಷ್ಟು ಬೇಕು ಅನ್ನುವುದನ್ನೂ ಲೆಕ್ಕ ಹಾಕಿದ್ದೇನೆ. ಈ ಪಂಪಿನ ಕೊಳವೆಯ ಒಳ ಅಗಲ 2 ಸೆಂಟಿಮೀಟರ್. ಅಂದರೆ ಒಳಗಿನ ವಾಷರಿನ ವಿಸ್ತೀರ್ಣ ಸುಮಾರು 3.1 ಚದರ ಸೆಂಟಿಮೀಟರ್. 60 ಪಿಎಸ್ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ 4.2 ಕಿಲೋ ಭಾರ. ಗುಣಿಸಿದರೆ 13 ಕಿಲೋ. ನಿಂತು ಒತ್ತುವವರಿಗೆ ಇದು ಏನೇನೂ ಅಲ್ಲ, ಮೈಯ ಭಾರವೇ ಸಾಕು. ಕೊಳವೆ ದಪ್ಪ ಇದ್ದರೆ ಬೇಗ ತುಂಬುತ್ತದೆ ನಿಜ, ಆದರೆ ಕೊನೆಯ ಹತ್ತು ಪಿಎಸ್ಐಗೆ ಒತ್ತಲು ಆಗುವುದಿಲ್ಲ. ನನ್ನ 35 ಮಿಲಿಮೀಟರ್ ಅಗಲದ ಟಯರಿಗೆ ಸೊನ್ನೆಯಿಂದ 60ಕ್ಕೆ ಸುಮಾರು 140 ಸಲ ಒತ್ತಬೇಕು. ನಾಲ್ಕು ನಿಮಿಷ. ಮಧ್ಯೆ ನಿಂತು ಉಸಿರು ತೆಗೆದುಕೊಂಡರೆ ಐದು.

ಐದು ನಿಮಿಷ ಜಾಸ್ತಿ ಅಲ್ವಾ ಅಂತ ಕೆಲವರು ಕೇಳಿದ್ದಾರೆ. ನನಗೆ ಅದು ಈ ಪಂಪಿನ ಒಳ್ಳೆಯ ಗುಣವಾಗಿ ಕಂಡದ್ದು ಕಳೆದ ದೀಪಾವಳಿ ರಜೆಯಲ್ಲಿ.

ಅಕ್ಕನ ಮಗ ರಜೆಗೆ ನಮ್ಮಲ್ಲಿಗೆ ಬಂದಿದ್ದ. ಪಿಯುಸಿ ಓದುವ ಹುಡುಗ. ರಜೆಯ ಕೊನೆಯ ದಿನ ಇಬ್ಬರೂ ಸೈಕಲ್ಲಿನಲ್ಲೇ ಮಂಗಳೂರಿಗೆ, ಕೊಟ್ಟಾರದ ಅವರ ಮನೆಗೆ ಹೊರಟೆವು. ಬೆಳಿಗ್ಗೆ ಆರಕ್ಕೆ ಕಟಪಾಡಿ ಬಿಟ್ಟು, ಉಚ್ಚಿಲ, ಪಡುಬಿದ್ರಿ ದಾಟಿ, ಹೆಜಮಾಡಿ ಕಳೆದು ಶಾಂಭವಿ ಹೊಳೆಯ ಸೇತುವೆ ಇಳಿದೆವು. ಮುಲ್ಕಿ ಇನ್ನೇನು ಬಂತು ಅನ್ನುವಾಗ ಹಿಂದಿನಿಂದ ಪಟಾಕಿ ಹೊಡೆದ ಹಾಗೆ ಸದ್ದು. "ಚಿಕ್ಕಮ್ಮ, ನಿಲ್ಲಿ!"

ಅವನ ಹಿಂದಿನ ಚಕ್ರ. ಟಯರಿನ ಪಕ್ಕದ ಗೋಡೆ ಎರಡು ಸೆಂಟಿಮೀಟರ್ ಸೀಳಿತ್ತು. ಅಂಚಿನಲ್ಲಿ ಬಿದ್ದಿದ್ದ ತಗಡಿನ ಚೂರು ತಾಗಿರಬೇಕು. ಸೀಳಿನಿಂದ ಟ್ಯೂಬ್ ಹೊರಗೆ ಉಬ್ಬಿ ಒಡೆದಿತ್ತು. ಸಣ್ಣ ಸೀಳಾದರೆ ಹಳೆ ಟಯರಿನ ತುಂಡನ್ನು ಒಳಗಿಟ್ಟು ಮನೆ ಮುಟ್ಟಬಹುದು. ಇದಕ್ಕೆ ಅದು ಸಾಲದು. ನನ್ನ ಚೀಲದಲ್ಲಿ ಮಡಚುವ ಟಯರ್ ಒಂದು ಇತ್ತು. ಅಂಚಿನಲ್ಲಿ ಉಕ್ಕಿನ ತಂತಿಯ ಬದಲು ಗಟ್ಟಿ ನೂಲು ಇರುವ ಟಯರ್, ಮುಷ್ಟಿಯಷ್ಟು ಸುತ್ತಿ ಇಡಬಹುದು. ಎರಡು ವರ್ಷದಿಂದ ಸುಮ್ನೆ ಹೊತ್ತು ತಿರುಗುತ್ತಿದ್ದೆ. ಅವತ್ತು ಕೆಲಸಕ್ಕೆ ಬಂತು.

ಮೊದಲು ಹೆದ್ದಾರಿ ಬಿಟ್ಟೆವು. ಎಡಕ್ಕೆ ಒಳದಾರಿಯಲ್ಲಿ ಐವತ್ತು ಹೆಜ್ಜೆ ನಡೆದು, ಎಳನೀರು ಮಾರುವವರ ತಾಣದ ಪಕ್ಕ ಮಾವಿನ ಮರದ ನೆರಳಿಗೆ ಬಂದೆವು. ಹೆದ್ದಾರಿಯ ಬಿಳಿ ಗೆರೆಯ ಪಕ್ಕ ಕೂತು ರಿಪೇರಿ ಮಾಡುವವರನ್ನು ನೋಡಿದಾಗೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತದೆ. ಟಯರ್ ಹೇಗೂ ಹೋಗಿದೆ. ಇನ್ನು ನೂರು ಹೆಜ್ಜೆ ತಳ್ಳಿದರೆ ನಷ್ಟ ಏನೂ ಇಲ್ಲ. ದಯವಿಟ್ಟು ಆಚೆ ಬನ್ನಿ.

ಎಳನೀರಿನವರು ಕತ್ತಿ ಕೆಳಗಿಟ್ಟು ಬಂದರು. "ಎಂತ ಆಯ್ತು ಅಕ್ಕ? ಟಯರ್ ಹಾಕಿ ಮುಗಿಸಿ, ಸ್ವಲ್ಪ ಮುಂದೆ ಬಂಕ್ ಉಂಟು. ಅಲ್ಲಿ ಮಿಷನಿನಲ್ಲಿ ಒಂದೇ ನಿಮಿಷಕ್ಕೆ ಗಾಳಿ ತುಂಬಿಸ್ತಾರೆ" ಅಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಬಂಕಿನ ಗಾಳಿ ಸೈಕಲ್ಲಿಗೆ ಬೇಡ ಅಂತ ನಾನು ಪೆಟ್ಟು ತಿಂದೇ ಕಲಿತವಳು. ಎರಡು ವರ್ಷದ ಹಿಂದೆ ಒಂದು ಕಡೆ ಹೀಗೇ ಹಾಕಿಸಿಕೊಂಡಿದ್ದೆ. ಪೈಪ್ ಇಟ್ಟು ನೋಡುವಷ್ಟರಲ್ಲಿ ಟ್ಯೂಬ್ ಒಡೆಯಿತು. ಸಂಜೆಯವರೆಗೆ ಬಲಗಿವಿ ಗುಂಯ್ ಅನ್ನುತ್ತಿತ್ತು. ಅಲ್ಲಿ ಕೆಲಸ ಮಾಡುವವರದ್ದು ತಪ್ಪಲ್ಲ. ಕಾರಿನ ಟಯರಿನೊಳಗೆ ಸುಮಾರು 30 ಲೀಟರ್ ಜಾಗ. ಸೈಕಲ್ ಟಯರಿನೊಳಗೆ ಎರಡು ಲೀಟರ್. ಕಾರಿಗೆ ಅಂತ ಮಾಡಿದ ಮಿಷನ್ ಒಂದು ಸಲ ಉಸಿರು ಬಿಟ್ಟರೆ ಕಾರಿಗೆ ಸ್ವಲ್ಪ ಏರುತ್ತದೆ, ಸೈಕಲ್ಲಿಗೆ ಮಿತಿ ದಾಟುತ್ತದೆ. ನಮಗೆ ಕೈ ತೆಗೆಯಲು ಸಮಯವೇ ಸಿಗುವುದಿಲ್ಲ.

ಮತ್ತೆ ಮಡಚಿಟ್ಟ ಟಯರಿಗಂತೂ ಅದು ಇನ್ನೂ ಅಪಾಯ. ಎರಡು ವರ್ಷ ಮಡಚಿ ಇದ್ದದ್ದಕ್ಕೆ ಅದರ ಅಂಚು ಅಲ್ಲಲ್ಲಿ ಮಡಿಕೆ ಬಿದ್ದು ಕೂತಿರುತ್ತದೆ. ರಿಮ್ಮಿನ ಒಳಗೆ ಸುತ್ತಲೂ ಒಂದೇ ಸಮ ಕೂರುವುದಿಲ್ಲ. ಒಂದು ಕಡೆ ಆಳಕ್ಕೆ ಇಳಿದರೆ ಇನ್ನೊಂದು ಕಡೆ ಮೇಲಕ್ಕೆ ಏಳುತ್ತದೆ. ಎದ್ದ ಕಡೆಯಿಂದ ಟ್ಯೂಬ್ ಹೊರಗೆ ಬರುತ್ತದೆ. ಒಡೆಯುವುದು ಅಲ್ಲೇ.

ಹಾಗಾಗಿ ಅವಸರ ಮಾಡಲಿಲ್ಲ. ಚಕ್ರ ಬಿಚ್ಚುವ ಮೊದಲು ಚೈನನ್ನು ಹಿಂದಿನ ಅತಿ ಸಣ್ಣ ಹಲ್ಲುಗಾಲಿಗೆ ತಂದೆ, ಆಗ ಬಿಚ್ಚುವುದೂ ಹಾಕುವುದೂ ಸುಲಭ. ಟಯರಿನ ಅಳತೆ ನೋಡಿಕೊಂಡೆ. ಹಳೆಯದರಲ್ಲಿ 37-622 ಅಂತ ಇತ್ತು, ನನ್ನದರಲ್ಲಿ 32-622. ಮೊದಲಿನ ಸಂಖ್ಯೆ ಅಗಲ, ಅದು ಸ್ವಲ್ಪ ಹೆಚ್ಚು ಕಡಿಮೆ ಆದರೆ ನಡೆಯುತ್ತದೆ. ಎರಡನೆಯದು ಟಯರ್ ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ, ಮಿಲಿಮೀಟರಿನಲ್ಲಿ. ಅದು ಸರಿಯಾಗಿ ಹೊಂದಲೇಬೇಕು. ಇದನ್ನು ಮನೆಯಲ್ಲೇ ನೋಡಿ ಇಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ದಾರಿಯಲ್ಲಿ ಗೊತ್ತಾದರೆ ಉಪಯೋಗ ಇಲ್ಲ.

ಹೊಸ ಟ್ಯೂಬನ್ನು ಟಯರಿಗೆ ತುಂಬುವ ಮೊದಲು ಪಂಪ್ ಸಿಕ್ಕಿಸಿ ಹತ್ತು ಸಲ ಒತ್ತಿದೆ. ಟ್ಯೂಬ್ ಹಪ್ಪಳದ ಹಾಗೆ ಚಪ್ಪಟೆ ಇರಬಾರದು, ಮೈ ದುಂಡಗಾಗಿ ಮೆತ್ತಗೆ ಇರಬೇಕು. ಹಾಗಿದ್ದರೆ ಟಯರಿನ ಅಂಚಿನ ಕೆಳಗೆ ಸಿಕ್ಕಿಬೀಳುವುದಿಲ್ಲ. ಟಯರನ್ನು ಕೈಯಲ್ಲೇ ಏರಿಸಿದೆವು. ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿದರೆ ಕೊನೆಯ ಗೇಣು ಸುಲಭ. ಸ್ಕ್ರೂಡ್ರೈವರ್ ಮಾತ್ರ ತಾಗಿಸಲೇಬೇಡಿ, ಟ್ಯೂಬ್ ತೂತಾಗುತ್ತದೆ. ಎಲ್ಲ ಆದ ಮೇಲೆ ವಾಲ್ವನ್ನು ಒಂದು ಸಲ ರಿಮ್ಮಿನೊಳಗೆ ಮೇಲಕ್ಕೆ ದೂಡಿ ಮತ್ತೆ ಕೆಳಕ್ಕೆ ಎಳೆದೆ. ವಾಲ್ವಿನ ಬುಡದ ದಪ್ಪ ಭಾಗ ಅಂಚಿನಡಿ ಸಿಕ್ಕಿದ್ದರೆ ಇದರಲ್ಲಿ ಬಿಡುತ್ತದೆ.

ಆಮೇಲೆ ಪಂಪ್ ಊರಿದೆ. 15 ಪಿಎಸ್ಐಗೆ ನಿಲ್ಲಿಸಿದೆ. ಟಯರಿನ ಎರಡೂ ಬದಿಯಲ್ಲಿ, ರಿಮ್ಮಿನ ಅಂಚಿಗೆ ಹತ್ತಿರ, ಸುತ್ತಲೂ ಒಂದು ಸಣ್ಣ ಗೆರೆ ಎದ್ದು ಕಾಣುತ್ತದೆ. ಅದು ಸುತ್ತ ಒಂದೇ ದೂರದಲ್ಲಿ ಇದ್ದರೆ ಟಯರ್ ಸರಿಯಾಗಿ ಕೂತಿದೆ ಅಂತ ಅರ್ಥ. ಹುಡುಗ ಚಕ್ರ ತಿರುಗಿಸುತ್ತಾ ಹೋದ, ನಾನು ನೋಡುತ್ತಾ ಹೋದೆ. ವಾಲ್ವಿನಿಂದ ಸ್ವಲ್ಪ ದೂರದಲ್ಲಿ ಗೆರೆ ರಿಮ್ಮಿನ ಒಳಗೆ ಮುಳುಗಿತ್ತು. ಅದರ ಎದುರು ಬದಿಯಲ್ಲಿ ಟಯರ್ ಇಡ್ಲಿಯ ಹಾಗೆ ಉಬ್ಬಿ, ಅಂಚಿನ ಸಂದಿಯಲ್ಲಿ ಟ್ಯೂಬಿನ ಕಪ್ಪು ಇಣುಕುತ್ತಿತ್ತು. ಬಂಕಿನ ಗಾಳಿಯಾಗಿದ್ದರೆ ಇದನ್ನು ನೋಡುವ ಅವಕಾಶವೇ ನಮಗೆ ಇರುತ್ತಿರಲಿಲ್ಲ. ಮುಖ ಹತ್ತಿರ ಇಟ್ಟುಕೊಂಡಿದ್ದ ಹುಡುಗನನ್ನು ಹಿಂದಕ್ಕೆ ಸರಿಸಿದೆ. ಗಾಳಿ ಪೂರ್ತಿ ಬಿಟ್ಟೆ. ಆ ಜಾಗವನ್ನು ಚಪಾತಿ ಹಿಟ್ಟು ನಾದುವ ಹಾಗೆ ಎರಡೂ ಹೆಬ್ಬೆರಳಲ್ಲಿ ನಾದಿ ಒಳಗೆ ಕೂರಿಸಿದೆ. ಬಾಟಲಿಯ ನೀರು ಅಂಚಿಗೆ ಸ್ವಲ್ಪ ಹಚ್ಚಿದೆ, ಜಾರಿ ಕೂರಲಿ ಅಂತ. ಮತ್ತೆ 15. ನೋಡಿದೆ. 30. ಮತ್ತೆ ನೋಡಿದೆ. ಈ ಸಲ ಗೆರೆ ಸುತ್ತಲೂ ಸಮ ಇತ್ತು. ಚಕ್ರವನ್ನು ಗಾಳಿಯಲ್ಲಿ ತಿರುಗಿಸಿದಾಗ ಟಯರ್ ಕುಣಿಯಲಿಲ್ಲ. ಆಮೇಲೆ 60ಕ್ಕೆ ಏರಿಸಿದೆ. ಟಯರಿನ ಮೈಮೇಲೆ 50ರಿಂದ 85 ಅಂತ ಬರೆದಿತ್ತು. ಮಿತಿಯ ಕೊನೆಯವರೆಗೆ ಹೋಗುವ ಅಗತ್ಯ ಇರಲಿಲ್ಲ.

ಇಡೀ ಕೆಲಸಕ್ಕೆ ಹಿಡಿದದ್ದು ಇಪ್ಪತ್ತೈದು ನಿಮಿಷ. ಎಳನೀರಿನವರು ಎರಡು ಎಳನೀರು ಕೊಟ್ಟು ಒಂದರ ದುಡ್ಡು ಮಾತ್ರ ತೆಗೆದುಕೊಂಡರು. ಪಾವಂಜೆ, ಸುರತ್ಕಲ್, ಪಣಂಬೂರು, ಕೂಳೂರು ದಾಟಿ ಕೊಟ್ಟಾರ ಮುಟ್ಟುವವರೆಗೆ ಗೇಜನ್ನು ಎರಡು ಸಲ ಹಚ್ಚಿ ನೋಡಿದೆ. ಒತ್ತಡ ಇಳಿದಿರಲಿಲ್ಲ. ಹೊತ್ತು ಏರಿ ಬಿಸಿಲು ಜೋರಾಗಿತ್ತು. ಬಿಸಿಲಿಗೆ ಟಯರ್ ಒಡೆಯುತ್ತದಾ ಅಂತ ಹುಡುಗ ಕೇಳಿದ. ಗಾಳಿ 10 ಡಿಗ್ರಿ ಬಿಸಿಯಾದರೆ 60 ಪಿಎಸ್ಐ ಇದ್ದದ್ದು 62 ಅಥವಾ 63 ಆಗುತ್ತದೆ, ಅಷ್ಟೇ. ಸರಿಯಾಗಿ ಕೂತ ಟಯರ್ ಅದಕ್ಕೆ ಒಡೆಯುವುದಿಲ್ಲ.

ಇನ್ನು ಕೊರತೆಗಳು. ಗೇಜ್ ಚಿಕ್ಕದು, ಅಂಕಿ ಇನ್ನೂ ಚಿಕ್ಕದು. ಮುಸ್ಸಂಜೆಯಲ್ಲಿ ಓದಲು ಆಗುವುದಿಲ್ಲ, ಮೊಬೈಲ್ ಬೆಳಕು ಬೇಕು. ಮನೆಯಲ್ಲಿರುವ ದೊಡ್ಡ ಪಂಪಿನ ಗೇಜಿಗೆ ಹೋಲಿಸಿದರೆ 4–5 ಪಿಎಸ್ಐ ಕಡಿಮೆ ತೋರಿಸುತ್ತದೆ. ಯಾವಾಗಲೂ ಅಷ್ಟೇ ತೋರಿಸುವುದರಿಂದ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ನೀವೂ ಕೊಂಡ ದಿನವೇ ಒಂದು ಸಲ ಹೋಲಿಸಿ ನೋಡಿ. ಸೈಕಲ್ಲಿಗೆ ಕಟ್ಟಲು ಕೊಟ್ಟ ಪ್ಲಾಸ್ಟಿಕ್ ಹಿಡಿಕೆ ಗಟ್ಟಿ ಇಲ್ಲ, ಮೂರನೇ ತಿಂಗಳಿಗೆ ಬಿರುಕು ಬಿಟ್ಟಿತು. ಈಗ ಎರಡು ವೆಲ್ಕ್ರೋ ಪಟ್ಟಿ ಸುತ್ತಿದ್ದೇನೆ. ಮಡಚುವ ಕಾಲು ಮರಳಿನಲ್ಲಿ ಹೂತು ಹೋಗುತ್ತದೆ. ಪಡುಕೆರೆಯಲ್ಲಿ ಕಡಲ ಬದಿ ನಿಂತಾಗ ಅದರಡಿ ಚಪ್ಪಟೆ ಕಲ್ಲೊಂದು ಇಡಬೇಕಾಯಿತು.

ನಮ್ಮ ಊರಿನ ಉಪ್ಪು ಗಾಳಿಗೆ ಕಬ್ಬಿಣದ ಭಾಗ ಏನಿದ್ದರೂ ತುಕ್ಕು ಹಿಡಿಯುತ್ತದೆ. ಮೊದಲ ಮಳೆಗಾಲದ ಕೊನೆಗೆ ಕಾಲಿನ ಸಣ್ಣ ಮೊಳೆ ಕೆಂಪಾಗಿತ್ತು. ಈಗ ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ರತಿ ಭಾನುವಾರ ಒರೆಸಿ ಒಣಗಿಸುತ್ತೇನೆ. ಒಳಗಿನ ರಬ್ಬರ್ ವಾಷರಿಗೆ ಸಿಲಿಕೋನ್ ಗ್ರೀಸ್ ಹಚ್ಚಬೇಕು, ಬೆರಳ ತುದಿಯಷ್ಟು ಸಾಕು. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಅಪ್ಪನ ಕಾಲದ ಪಂಪಿನಲ್ಲಿ ಚರ್ಮದ ವಾಷರ್ ಇರುತ್ತಿತ್ತು. ಅದಕ್ಕೆ ಎಣ್ಣೆ ಕುಡಿಸಿದರೆ ಮೆತ್ತಗಾಗಿ ಗಾಳಿ ಹಿಡಿಯುತ್ತಿತ್ತು. ರಬ್ಬರಿಗೆ ಆ ಉಪಾಯ ಹೊಂದುವುದಿಲ್ಲ.

ವಾಲ್ವುಗಳ ವಿಷಯ ಹೇಳಲೇಬೇಕು. ಪಂಪಿನ ಬಾಯೊಳಗಿನ ರಬ್ಬರನ್ನು ತಿರುಗಿಸಿ ಹಾಕಿದರೆ ಬೈಕಿನಂಥ ದಪ್ಪ ವಾಲ್ವಿಗೂ ಸಪೂರದ ಪ್ರೆಸ್ಟಾ ವಾಲ್ವಿಗೂ ಹೊಂದುತ್ತದೆ. ಪ್ರೆಸ್ಟಾ ಆದರೆ ತುದಿಯ ಚಿಕ್ಕ ನಟ್ ಸಡಿಲಿಸಿ, ಒಂದು ಸಲ ಒತ್ತಿ ಪುಸ್ ಅನ್ನಿಸಿ, ಆಮೇಲೆ ಪಂಪ್ ಹಾಕಿ. ಇಲ್ಲದಿದ್ದರೆ ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗದೆ ಗೇಜ್ ಮಾತ್ರ ಏರುತ್ತದೆ. ನಮ್ಮ ಶಾಲೆಯ ಮಕ್ಕಳ ಸಾದಾ ಸೈಕಲ್ಲುಗಳಲ್ಲಿ ವಾಲ್ವ್ ಟ್ಯೂಬ್ ಹಾಕುವ ಹಳೆ ಮಾದರಿ ಇರುತ್ತದೆ. ಅದಕ್ಕೂ ಪ್ರೆಸ್ಟಾ ಕಡೆಯಿಂದ ಗಾಳಿ ಹಾಕಿದ್ದೇನೆ, ಹೋಗುತ್ತದೆ. ಆದರೆ ಆ ಸಣ್ಣ ರಬ್ಬರ್ ಕೊಳವೆಯನ್ನು ತಳ್ಳಿ ತೆರೆಯಲೂ ಒತ್ತಡ ಬೇಕು. ಹಾಗಾಗಿ ಗೇಜ್ ತೋರಿಸುವುದು ಟಯರಿನೊಳಗಿನ ನಿಜವಾದ ಒತ್ತಡ ಅಲ್ಲ. ಅಲ್ಲಿ ಹೆಬ್ಬೆರಳಲ್ಲಿ ಒತ್ತಿ ನೋಡುವುದೇ ಸರಿ.

ಸ್ಟಾಫ್ ರೂಮಿನಲ್ಲಿ ಒಬ್ಬರ ಹತ್ತಿರ ಬ್ಯಾಟರಿಯ ಪುಟ್ಟ ಮಿಷನ್ ಉಂಟು. ಅದನ್ನೂ ಬಳಸಿ ನೋಡಿದೆ. ಬೇಕಾದ ಒತ್ತಡ ಒತ್ತಿಟ್ಟರೆ ಅಲ್ಲಿಗೇ ನಿಲ್ಲುತ್ತದೆ, ಕೈಗೆ ಆಯಾಸ ಇಲ್ಲ. ಕೈ ನೋವಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಚಾರ್ಜ್ ಮುಗಿದರೆ ಮುಗಿಯಿತು, ಮಳೆಯಲ್ಲಿ ಹೊರತೆಗೆಯಲು ನನಗೆ ಧೈರ್ಯ ಬರಲಿಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿದ ಸಣ್ಣ ಸಿಲಿಂಡರ್‌ಗಳೂ ಸಿಗುತ್ತವೆ, 16 ಗ್ರಾಮಿನದ್ದು. ಕೆಲವು ಸೆಕೆಂಡಿನಲ್ಲಿ ಟಯರ್ ತುಂಬುತ್ತದೆ. ಸಿಲಿಂಡರ್ ಎಷ್ಟು ತಣ್ಣಗಾಗುತ್ತದೆ ಅಂದರೆ ಬರಿಗೈಯಲ್ಲಿ ಹಿಡಿದರೆ ಬೆರಳಿನ ಚರ್ಮಕ್ಕೆ ಏಟು. ಆ ಅನಿಲ ಟ್ಯೂಬಿನ ರಬ್ಬರಿನ ಮೂಲಕ ಬೇಗ ಸೋರುತ್ತದೆ, ಮರುದಿನಕ್ಕೆ ಟಯರ್ ಮೆತ್ತಗೆ. ಎಲ್ಲಕ್ಕಿಂತ ಹೆಚ್ಚಾಗಿ, ಮಧ್ಯೆ ನಿಲ್ಲಿಸಿ ಗೆರೆ ನೋಡಿ ಮತ್ತೆ ಹಾಕುವ ಕೆಲಸ ಅದರಲ್ಲಿ ಸಲೀಸಲ್ಲ. ಪಂದ್ಯಕ್ಕೆ ಹೋಗುವವರಿಗೆ ಇರಲಿ. ಹೊಸ ಟಯರ್ ಏರಿಸಿದವರಿಗೆ ಬೇಡ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಪ್ಲಾಸ್ಟಿಕ್ ಹಿಡಿಕೆಗೆ.

ಮುಲ್ಕಿಯಲ್ಲಿ ಕೆಲಸಕ್ಕೆ ಬಂದ ಪಂಪನ್ನು ಅವತ್ತೇ ಕೊಟ್ಟಾರದಲ್ಲಿ ಹುಡುಗನ ಸೈಕಲ್ಲಿಗೆ ಕಟ್ಟಿ ಬಿಟ್ಟು ಬಂದೆ. ವಾಪಸ್ ಬರುವಾಗ ಸೈಕಲನ್ನು ರೈಲಿಗೆ ಹಾಕಿದ್ದರಿಂದ ಪಂಪ್ ಬೇಕಾಗಲಿಲ್ಲ. ಮನೆಗೆ ಬಂದ ರಾತ್ರಿಯೇ ಅಂಥದ್ದೇ ಇನ್ನೊಂದನ್ನು ತರಿಸಲು ಹಾಕಿದೆ. ಮೊನ್ನೆ ಅವನು ಫೋನ್ ಮಾಡಿ, ತಣ್ಣೀರುಬಾವಿಯ ದಾರಿಯಲ್ಲಿ ಗೆಳೆಯನ ಟಯರಿಗೆ ಗಾಳಿ ಹಾಕಿಕೊಟ್ಟೆ ಅಂತ ಹೇಳಿದ. 15ಕ್ಕೆ ನಿಲ್ಲಿಸಿ ಗೆರೆ ನೋಡಿದೆಯಾ ಅಂತ ಕೇಳಿದೆ. "ಎರಡು ಬದಿಯೂ ನೋಡಿದೆ ಚಿಕ್ಕಮ್ಮ" ಅಂದ.